ಎಪಿಡಾರಸ್: ರಂಗಮಂದಿರವನ್ನಷ್ಟೇ ನೋಡಿ ಬರಬೇಕೇ, ಗೈಡ್ ಜೊತೆ ಇಡೀ ಕ್ಷೇತ್ರವನ್ನು ಸುತ್ತಬೇಕೇ?

ಶಾಲ್ಮಲಾ:

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್ ಕೊನೆಯಲ್ಲಿ ತಂದೆಯವರನ್ನು ಕರೆದುಕೊಂಡು ಗ್ರೀಸಿಗೆ ಹೋಗುವ ಯೋಚನೆಯಿದೆ. ಅವರು ಎಪ್ಪತ್ತು ದಾಟಿದವರು, ಹವ್ಯಾಸಿ ತಂಡಗಳಲ್ಲಿ ಬಹುಕಾಲ ನಾಟಕವಾಡಿದವರು. ಎಪಿಡಾರಸ್‌ನ ಪ್ರಾಚೀನ ರಂಗಮಂದಿರವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಹಳೆಯ ಆಸೆ. ಅಥೆನ್ಸ್‌ನಿಂದ ಹೊರಡುವ ಒಂದು ದಿನದ ಬಸ್ ಪ್ರವಾಸದಲ್ಲಿ ಕೊರಿಂತ್ ಕಾಲುವೆ, ಮೈಸೀನೆ, ನಾಫ್ಲಿಯೊ, ಎಪಿಡಾರಸ್ ನಾಲ್ಕನ್ನೂ ತೋರಿಸುತ್ತಾರೆ. ಎಪಿಡಾರಸ್‌ಗೆ ಸಿಗುವುದು ಒಂದು ಗಂಟೆಯ ಆಸುಪಾಸು. ಇಷ್ಟು ಸಾಕೇ? ರಂಗಮಂದಿರದ ಪಕ್ಕದಲ್ಲಿ ಅಸ್ಕ್ಲೀಪಿಯಸ್ ಎಂಬ ವೈದ್ಯದೇವತೆಯ ಕ್ಷೇತ್ರವೂ ಇದೆಯೆಂದು ಓದಿದೆ, ಆದರೆ ಅಲ್ಲಿ ಬಹುಪಾಲು ಅಡಿಪಾಯಗಳಷ್ಟೇ ಉಳಿದಿವೆಯಂತೆ. ಅದಕ್ಕಾಗಿ ಪ್ರತ್ಯೇಕವಾಗಿ ಗೈಡ್ ಗೊತ್ತುಮಾಡಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಹಳೆಬೇರು:

ಶಾಲ್ಮಲಾ ಅವರೇ, ಒಂದು ಗಂಟೆಯಲ್ಲಿ ರಂಗಮಂದಿರವನ್ನು ಧಾರಾಳವಾಗಿ ನೋಡಬಹುದು. ಆದರೆ ಹದಿಮೂರು ಹದಿನಾಲ್ಕು ಸಾವಿರ ಜನ ಕೂರಬಹುದಾದ ರಂಗಮಂದಿರ ಆ ನಿರ್ಜನ ಕಣಿವೆಯಲ್ಲಿ ಏಕಿದೆ ಎಂಬ ಪ್ರಶ್ನೆಗೆ ಅಷ್ಟರಲ್ಲಿ ಉತ್ತರ ಸಿಗುವುದಿಲ್ಲ. ಎಪಿಡಾರಸ್ ಪಟ್ಟಣ ಇದ್ದದ್ದು ಅಲ್ಲಿಂದ ಕೆಲವು ಕಿಲೋಮೀಟರ್ ದೂರದ ಕಡಲ ದಂಡೆಯಲ್ಲಿ. ಒಳನಾಡಿನ ಈ ಕಣಿವೆಗೆ ಜನ ಬರುತ್ತಿದ್ದುದು ಕಾಯಿಲೆ ವಾಸಿಮಾಡಿಕೊಳ್ಳಲು ಮತ್ತು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ದೇವರ ಉತ್ಸವಕ್ಕೆ. ರಂಗಮಂದಿರವು ಆ ಕ್ಷೇತ್ರದ ಒಂದು ಅಂಗ. ಅದನ್ನೊಂದನ್ನೇ ನೋಡಿ ಹಿಂದಿರುಗುವುದೆಂದರೆ ಜಾತ್ರೆಗೆ ಹೋಗಿ ತೇರನ್ನು ಮಾತ್ರ ನೋಡಿ, ಗರ್ಭಗುಡಿಯತ್ತ ತಿರುಗಿಯೂ ನೋಡದೆ ಬಂದಂತೆ.

ಇನ್ನೊಂದು ತೊಡಕೂ ಇದೆ. ಇಂದಿನ ಪ್ರವೇಶದ್ವಾರ ಕ್ಷೇತ್ರದ ದಕ್ಷಿಣಕ್ಕಿದೆ, ಅಂದರೆ ರಂಗಮಂದಿರದ ಬದಿಗೆ. ಪ್ರಾಚೀನ ಕಾಲದ ಹೆಬ್ಬಾಗಿಲು ಇದ್ದದ್ದು ಉತ್ತರದ ತುದಿಯಲ್ಲಿ. ಹೀಗಾಗಿ ಬಸ್ಸಿನಲ್ಲಿ ಬಂದಿಳಿಯುವ ನಾವೆಲ್ಲರೂ ಕ್ಷೇತ್ರವನ್ನು ಹಿಂದುಮುಂದಾಗಿ ನೋಡುತ್ತೇವೆ: ಮೊದಲು ರಂಗಮಂದಿರ, ಸದ್ದು ಎಷ್ಟು ದೂರ ಕೇಳಿಸುತ್ತದೆಂದು ತೋರಿಸಲು ಗೈಡ್ ನಾಣ್ಯ ಬೀಳಿಸುವ ಪ್ರದರ್ಶನ, ಫೋಟೋ, ವಸ್ತುಸಂಗ್ರಹಾಲಯದಲ್ಲಿ ಒಂದು ಸುತ್ತು, ಆಮೇಲೆ ಸಮಯ ಮುಗಿಯಿತೆಂಬ ಕೂಗು. ಒಳ್ಳೆಯ ಗೈಡ್ ಸಿಕ್ಕರೆ ಅವರಿಗೆ ಮೊದಲೇ ಹೇಳಿ, ನೇರವಾಗಿ ಉತ್ತರದ ತುದಿಗೆ ನಡೆದು, ಅಲ್ಲಿಂದ ರೋಗಿಯೊಬ್ಬ ಬರುತ್ತಿದ್ದ ಕ್ರಮದಲ್ಲಿ ಒಳಕ್ಕೆ ಬರುವುದು ಸರಿಯಾದ ದಾರಿ.

ಹೆಬ್ಬಾಗಿಲ ಬಳಿ ಇಂದು ಉಳಿದಿರುವುದು ಜಗತಿ ಮಾತ್ರ. ಸುಗಂಧಪೂರಿತ ಗುಡಿಯನ್ನು ಪ್ರವೇಶಿಸುವವನು ಶುದ್ಧನಾಗಿರಬೇಕು, ಪವಿತ್ರವಾದ ಯೋಚನೆಯೇ ಶುದ್ಧಿ ಎಂಬ ಅರ್ಥದ ಬರಹ ಈ ಕ್ಷೇತ್ರದ ಪ್ರವೇಶದಲ್ಲಿತ್ತೆಂದು ಪ್ರಾಚೀನ ಗ್ರಂಥಕರ್ತರು ದಾಖಲಿಸಿದ್ದಾರೆ. ಅಲ್ಲಿಂದ ಮುಂದೆ ಅಸ್ಕ್ಲೀಪಿಯಸ್‌ನ ಗುಡಿ. ಅದು ಕ್ರಿ.ಪೂ. 4ನೇ ಶತಮಾನದ ಆರಂಭದ ದಶಕಗಳದ್ದು, ವಾಸ್ತುಶಿಲ್ಪಿಯ ಹೆಸರು ಥಿಯೊಡೊಟಸ್. ಕಟ್ಟಡದ ಖರ್ಚುವೆಚ್ಚವನ್ನು ಕಲ್ಲಿನಲ್ಲಿ ಕೊರೆಸಿಟ್ಟಿದ್ದರಿಂದ ಕೆಲಸಕ್ಕೆ ನಾಲ್ಕು ವರ್ಷ ಎಂಟು ತಿಂಗಳು ಹಿಡಿಯಿತೆಂಬುದು ಕೂಡ ತಿಳಿದಿದೆ. ಒಳಗೆ ಪಾರೊಸ್ ದ್ವೀಪದ ಥ್ರಾಸಿಮಿಡೀಸ್ ಮಾಡಿದ ಚಿನ್ನ ಮತ್ತು ದಂತದ ಮೂರ್ತಿಯಿತ್ತು. ಆಸನದಲ್ಲಿ ಕುಳಿತ ದೇವರು, ಒಂದು ಕೈಯಲ್ಲಿ ದಂಡ, ಇನ್ನೊಂದು ಕೈ ಹಾವಿನ ಹೆಡೆಯ ಮೇಲೆ, ಪಕ್ಕದಲ್ಲಿ ಮಲಗಿದ ನಾಯಿ: ಕ್ರಿ.ಶ. 2ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಪೌಸೇನಿಯಸ್ ಬರೆದಿಟ್ಟ ವಿವರ ಇದು. ಮೂರ್ತಿ ಈಗಿಲ್ಲ.

ಗುಡಿಯ ಉತ್ತರಕ್ಕೆ ಉದ್ದನೆಯ ಕಂಬಸಾಲೆಯೊಂದಿದೆ, ಹೆಸರು ಅಬಾಟನ್. ಒಟ್ಟು ಉದ್ದ ಸುಮಾರು 70 ಮೀಟರ್. ಇಡೀ ಕ್ಷೇತ್ರದ ಹೃದಯ ಇದೇ ಎಂಬುದು ನನ್ನ ಅಭಿಪ್ರಾಯ. ರೋಗಿಗಳು ಮಿಂದು, ಬಲಿಯನ್ನೋ ಕಾಣಿಕೆಯನ್ನೋ ಅರ್ಪಿಸಿ, ರಾತ್ರಿ ಇಲ್ಲಿ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬಂದು ಚಿಕಿತ್ಸೆ ಮಾಡುತ್ತಾನೆ ಅಥವಾ ಏನು ಮಾಡಬೇಕೆಂದು ಹೇಳುತ್ತಾನೆ ಎಂಬುದು ನಂಬಿಕೆ. ಅದರ ಒಂದು ಮೂಲೆಯಲ್ಲಿ ಅಬಾಟನ್‌ಗಿಂತ ಹಳೆಯದಾದ, ಸುಮಾರು 17 ಮೀಟರ್ ಆಳದ ಬಾವಿಯಿದೆ. ಕಂಬಸಾಲೆಯ ಒಂದು ಭಾಗವನ್ನು ಈಗ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅಡಿಪಾಯವಷ್ಟೇ ಉಳಿದಿದೆ ಎನ್ನುವವರು ಅಲ್ಲಿಯವರೆಗೆ ನಡೆದಿಲ್ಲವೆಂದೇ ತೋರುತ್ತದೆ.

ಕಲ್ಲುಬೆಂಚು:

ಹಳೆಬೇರು ಅವರ ವಿದ್ವತ್ತಿಗೆ ನಮಸ್ಕಾರ. ಆದರೆ ನಾಟಕದವರೊಬ್ಬರು ರಂಗಮಂದಿರಕ್ಕೆಂದೇ ಹೋಗುತ್ತಿರುವಾಗ ಅದನ್ನು ಕೊನೆಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಬಿ.ಎಂ.ಶ್ರೀ ಅವರಿಂದ ಲಂಕೇಶರವರೆಗೆ ಕನ್ನಡಕ್ಕೆ ಬಂದ ಗ್ರೀಕ್ ದುರಂತ ನಾಟಕಗಳನ್ನು ಓದಿದ, ಆಡಿದ ನಮಗೆ ಆ ವೃತ್ತಾಕಾರದ ಅಂಗಳದ ನಡುವೆ ನಿಲ್ಲುವುದಕ್ಕಿಂತ ದೊಡ್ಡ ಪಾಠ ಬೇರೆಯಿಲ್ಲ. ಅಲ್ಲಿ ಮೇಳವು ಸುಮಾರು 20 ಮೀಟರ್ ವ್ಯಾಸದ ಪೂರ್ಣ ವೃತ್ತದಲ್ಲಿ ಹಾಡುತ್ತಾ ಕುಣಿಯುತ್ತಿತ್ತು. ನೆಲ ಬರಿಯ ಮಣ್ಣು, ಸುತ್ತ ಕಲ್ಲಿನ ಬಳೆ. ಬೇರೆಡೆ ರೋಮನ್ನರು ಇಂಥ ಅಂಗಳಗಳನ್ನು ಕತ್ತರಿಸಿ ಅರ್ಧವೃತ್ತ ಮಾಡಿದರು, ಇಲ್ಲಿ ಆ ವೃತ್ತಕ್ಕೆ ಕೈಹಚ್ಚಲಿಲ್ಲ. ಬೆಟ್ಟದ ಮಣ್ಣು ಕುಸಿದು ಶತಮಾನಗಳ ಕಾಲ ಮುಚ್ಚಿಕೊಂಡಿದ್ದರಿಂದ ಆಸನಗಳೂ ಉಳಿದವು. 1881ರಲ್ಲಿ ಪನಾಯಿಸ್ ಕವ್ವಾಡಿಯಸ್ ಅವರು ಅಥೆನ್ಸ್‌ನ ಪುರಾತತ್ವ ಸಂಘದ ಪರವಾಗಿ ಉತ್ಖನನ ಆರಂಭಿಸಿದಾಗ ಬೆಳಕಿಗೆ ಬಂದದ್ದು ಈ ರಂಗಮಂದಿರ. ಉಳಿಯದೇ ಹೋದದ್ದು ರಂಗದ ಹಿಂದಿನ ಕಟ್ಟಡ. ಅದರ ಅಡಿಪಾಯ ಮಾತ್ರ ಕಾಣುತ್ತದೆ.

ಆಸನದ ಕಲ್ಲನ್ನು ಹತ್ತಿರದಿಂದ ನೋಡಿರಿ. ಕೂರುವ ಅಂಚಿನ ಕೆಳಗೆ ಕಲ್ಲನ್ನು ಒಳಕ್ಕೆ ಕೊರೆದಿದ್ದಾರೆ. ಅದೇ ಸಾಲಿನಲ್ಲಿ ಹಾದುಹೋಗುವವರಿಗೆ ದಾರಿಬಿಡಲು ಕಾಲನ್ನು ಹಿಂದಕ್ಕೆ ಸರಿಸಿಕೊಳ್ಳಬಹುದು. ಪ್ರತಿ ಸಾಲಿನ ಹಿಂಭಾಗವನ್ನು ಸ್ವಲ್ಪ ತಗ್ಗಿಸಿರುವುದು ಹಿಂದೆ ಕುಳಿತವರ ಪಾದಕ್ಕೆ. ಗಣ್ಯರಿಗೆ ಮಾತ್ರ ಒರಗುವ ಬೆನ್ನಿರುವ ಪೀಠಗಳು. ಎರಡೂವರೆ ಗಂಟೆ ಕೂತು ನಾಟಕ ನೋಡಿದವನಿಗೆ ಈ ಸಣ್ಣ ಸಂಗತಿಗಳ ಬೆಲೆ ಗೊತ್ತಾಗುತ್ತದೆ.

ಶಾಲ್ಮಲಾ:

ಕಲ್ಲುಬೆಂಚು ಅವರೇ, ನಾಣ್ಯ ಬೀಳಿಸಿದರೆ ಕೊನೆಯ ಸಾಲಿಗೂ ಕೇಳಿಸುತ್ತದೆ ಎಂಬ ಮಾತು ನಿಜವೇ? ತಂದೆಯವರು ಇದನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಇನ್ನೊಂದು ಸಂಗತಿ: ಆಸನಗಳ ಲೆಕ್ಕದಲ್ಲಿ ಸುವರ್ಣ ಅನುಪಾತ, ಅಂದರೆ ಅಂದದ ಅಳತೆಯೆಂದು ಹೆಸರಾದ ಸುಮಾರು 1.62ರ ಲೆಕ್ಕ, ಅಡಗಿದೆಯೆಂದೂ ಎಲ್ಲೋ ಓದಿದ ನೆನಪು.

ಕಲ್ಲುಬೆಂಚು:

ಕೇಳಿಸುತ್ತದೆ, ಆದರೆ ಎಷ್ಟು ಎಂಬುದು ಮುಖ್ಯ. 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು, ಮೆಟ್ಟಿಲುಮೆಟ್ಟಿಲಾದ ಕಲ್ಲಿನ ಆಸನಗಳೇ ಕೆಳ ಕಂಪನಾಂಕದ ಸದ್ದನ್ನು, ಅಂದರೆ ಜನರ ಗುಜುಗುಜು, ಗಾಳಿಯ ಮೊರೆತ ಇಂಥವನ್ನು ತಗ್ಗಿಸಿ, ಮೇಲಿನ ಕಂಪನಾಂಕದ ಧ್ವನಿಯನ್ನು ಉಳಿಸಿಕೊಡುತ್ತವೆ ಎಂಬ ವಿವರಣೆಯನ್ನು ಮುಂದಿಟ್ಟರು. ಅದಾಗಿ ಹತ್ತು ವರ್ಷಕ್ಕೆ, 2017ರಲ್ಲಿ, ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿ ವಿಸ್ತಾರವಾಗಿ ಅಳತೆ ಮಾಡಿತು. ನಾಣ್ಯ ಬಿದ್ದ ಅಥವಾ ಕಾಗದ ಹರಿದ ಸದ್ದು ಇಡೀ ರಂಗಮಂದಿರದಲ್ಲಿ ಕಿವಿಗೆ ಬೀಳಬಹುದಾದರೂ ಅದು ನಾಣ್ಯದ್ದೇ, ಕಾಗದದ್ದೇ ಎಂದು ಗುರುತಿಸಲು ಸಾಧ್ಯವಾಗುವುದು ಅರ್ಧ ಎತ್ತರದವರೆಗೆ ಮಾತ್ರ. ಪಿಸುಮಾತು ತಿಳಿಯುವುದು ಮುಂದಿನ ಸಾಲುಗಳಿಗಷ್ಟೇ. ಗಟ್ಟಿಯಾಗಿ ಆಡಿದ ಮಾತು ಮಾತ್ರ ಕೊನೆಯವರೆಗೂ ಸ್ಪಷ್ಟ ಎಂಬುದು ಅವರ ತೀರ್ಮಾನ. ನಾಣ್ಯದ ಆಟ ತೋರಿಸಿ ಮುಂದಿನ ಗುಂಪಿಗೆ ಜಾಗ ಬಿಡುವ ಗೈಡ್‌ಗಳು ಇದನ್ನು ಹೇಳುವುದು ಕಡಿಮೆ. ನಟನಿಗೆ ಇದು ಸಂತೋಷದ ಸುದ್ದಿಯೆಂದೇ ನಾನು ಭಾವಿಸುತ್ತೇನೆ: ಕಲ್ಲು ನೆರವಾಗುತ್ತದೆ, ಕಂಠವನ್ನು ಪಳಗಿಸುವ ಕೆಲಸ ನಟನದೇ.

ಸುವರ್ಣ ಅನುಪಾತದ ಕಥೆಯನ್ನು ಅನುಮಾನದಿಂದಲೇ ಕೇಳಿರಿ. ಕೆಳಗಿನ ಭಾಗದಲ್ಲಿ 34 ಸಾಲು, ಮೇಲಿನ ಭಾಗದಲ್ಲಿ 21 ಸಾಲು; ಭಾಗಿಸಿದರೆ ಸುಮಾರು 1.62 ಬರುತ್ತದೆ, ಅದು ನಿಜ. ಆದರೆ ಕೆಳಭಾಗ ಕ್ರಿ.ಪೂ. 4ನೇ ಶತಮಾನದ ಕೊನೆಯದೆಂದೂ ಮೇಲ್ಭಾಗವನ್ನು ಕ್ರಿ.ಪೂ. 2ನೇ ಶತಮಾನದಲ್ಲಿ ಸೇರಿಸಿದರೆಂದೂ ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಮೊದಲು ಕಟ್ಟಿದವನ ತಲೆಯಲ್ಲಿ ಆ ಅನುಪಾತ ಇತ್ತೆನ್ನುವುದು ಹೇಗೆ?

ವೈದ್ಯಮಿತ್ರ:

ವೃತ್ತಿಯಿಂದ ವೈದ್ಯನಾದ್ದರಿಂದ ನನ್ನ ಮತ ಹಳೆಬೇರು ಅವರಿಗೆ. ಗೈಡ್ ಜೊತೆ ಹೋಗಲು ನಿಜವಾದ ಕಾರಣ ವಸ್ತುಸಂಗ್ರಹಾಲಯದ ಮೊದಲ ಕೋಣೆಯಲ್ಲಿದೆ. ಸಣ್ಣ ಕಟ್ಟಡ, 20ನೇ ಶತಮಾನದ ಮೊದಲ ದಶಕದಲ್ಲಿ ಕವ್ವಾಡಿಯಸ್ ಅವರ ಕಾಲದಲ್ಲೇ ಕಟ್ಟಿದ್ದು. ಬಹುಪಾಲು ಜನ ಆ ಕೋಣೆಯನ್ನು ದಾಟಿ ಮುಂದೆ ಪ್ರತಿಮೆಗಳತ್ತ ನಡೆಯುತ್ತಾರೆ. ಆ ಪ್ರತಿಮೆಗಳಲ್ಲಿ ಹಲವು ಅಚ್ಚು ತೆಗೆದ ಪ್ರತಿಗಳು, ಮೂಲಗಳು ಅಥೆನ್ಸ್‌ನಲ್ಲಿವೆ. ಅಸಲು ಸಂಪತ್ತು ಗೋಡೆಗೆ ಒರಗಿಸಿದ ಶಾಸನಗಳು, ಜೊತೆಗೆ ಗಾಜಿನೊಳಗಿರುವ ಕಂಚಿನ ವೈದ್ಯಕೀಯ ಉಪಕರಣಗಳು. ಗ್ರೀಕ್ ಲಿಪಿ ಬಾರದ ನಮಗೆ ಓದಿ ಹೇಳುವವರಿಲ್ಲದಿದ್ದರೆ ಅವು ಬರಿಯ ಕಲ್ಲುಗಳು.

ಆ ಶಾಸನಗಳಲ್ಲಿ ದೇವರು ವಾಸಿಮಾಡಿದ ಪ್ರಕರಣಗಳನ್ನು ಒಂದರ ಕೆಳಗೊಂದು ಕೆತ್ತಿದ್ದಾರೆ. ಕೆತ್ತಿದ್ದು ಕ್ರಿ.ಪೂ. 4ನೇ ಶತಮಾನದಲ್ಲಿ. ಪೌಸೇನಿಯಸ್ ಬಂದಾಗ ಆರು ಕಲ್ಲುಗಳು ನಿಂತಿದ್ದುವಂತೆ. ಈಗ ದೊರೆತಿರುವವುಗಳಿಂದ ಸುಮಾರು ಎಪ್ಪತ್ತು ಪ್ರಕರಣಗಳು ತಿಳಿಯುತ್ತವೆ. ಅಥೆನ್ಸ್‌ನ ಅಂಬ್ರೋಸಿಯಾ ಎಂಬಾಕೆಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಕ್ಷೇತ್ರದಲ್ಲಿ ಅಡ್ಡಾಡುತ್ತಾ, ಕುಂಟರು ಕುರುಡರು ಕನಸು ಕಂಡ ಮಾತ್ರಕ್ಕೆ ಗುಣವಾಗುತ್ತಾರೆಂದರೆ ನಂಬುವುದು ಹೇಗೆಂದು ನಕ್ಕಳು. ರಾತ್ರಿ ಕನಸಿನಲ್ಲಿ ಬಂದ ದೇವರು, ಗುಣಪಡಿಸುತ್ತೇನೆ, ಆದರೆ ನಿನ್ನ ಅಜ್ಞಾನದ ನೆನಪಿಗೆ ಬೆಳ್ಳಿಯ ಹಂದಿಯೊಂದನ್ನು ಗುಡಿಗೆ ಒಪ್ಪಿಸಬೇಕು ಎಂದು ಹೇಳಿ, ಕಣ್ಣನ್ನು ಸೀಳಿ ಔಷಧ ಸುರಿದನಂತೆ. ಯೂಫಾನೀಸ್ ಎಂಬ ಹುಡುಗನಿಗೆ ಕಲ್ಲಿನ ಬಾಧೆ, ಅಂದರೆ ನಾವು ಇಂದು ಸ್ಟೋನ್ ಎನ್ನುವುದು. ಗುಣಪಡಿಸಿದರೆ ಏನು ಕೊಡುತ್ತೀ ಎಂದು ದೇವರು ಕೇಳಿದಾಗ ಹುಡುಗ ತನ್ನಲ್ಲಿದ್ದ ಹತ್ತು ಆಟದ ದಾಳಗಳನ್ನು ಕೊಡುತ್ತೇನೆಂದ. ದೇವರು ನಕ್ಕು ಒಪ್ಪಿಕೊಂಡ. ಕೆತ್ತಿಸಿದ ಅರ್ಚಕರಿಗೆ ಕಥೆ ಹೇಳುವ ಕಲೆ ಚೆನ್ನಾಗಿ ತಿಳಿದಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಕ್ಯುಟಿಯಸ್ ಗ್ಯಾಲಸ್ ಎಂಬ ರೋಮನ್ ಭಕ್ತ ತನ್ನ ಕಿವಿ ಗುಣವಾದದ್ದಕ್ಕೆ ಹರಕೆಯಾಗಿ ಎರಡು ಕಿವಿಗಳನ್ನು ಕೆತ್ತಿಸಿ ಒಪ್ಪಿಸಿದ ಕಲ್ಲೊಂದು ಇದೇ ಕ್ಷೇತ್ರದಲ್ಲಿ ಸಿಕ್ಕಿದೆ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈಕಾಲುಗಳನ್ನು ಹುಂಡಿಗೆ ಹಾಕುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ನಿಷ್ಠುರವಾದಿ:

ಕ್ಷಮಿಸಿ, ಇದೆಲ್ಲ ಅರ್ಚಕರ ಜಾಹೀರಾತಲ್ಲವೇ? ಐದು ವರ್ಷ ಗರ್ಭಿಣಿಯಾಗಿದ್ದ ಹೆಂಗಸು ಅಲ್ಲಿ ಮಲಗಿದ ಮೇಲೆ ಹೆತ್ತಳು, ಹುಟ್ಟಿದ ಮಗು ತಾನೇ ಎದ್ದು ಹೋಗಿ ಮಿಂದು ಬಂತು ಎಂಬ ಕಥೆಯೂ ಆ ಕಲ್ಲುಗಳ ಮೇಲಿದೆ. ಇಂಥದ್ದನ್ನು ಓದಲು ಗೈಡ್‌ಗೆ ಹಣ ತೆರಬೇಕೇ?

ವೈದ್ಯಮಿತ್ರ:

ಜಾಹೀರಾತು ಹೌದು, ಅದರಲ್ಲಿ ಮುಚ್ಚುಮರೆಯೂ ಇಲ್ಲ. ರೋಗಿಗಳು ರಾತ್ರಿ ಮಲಗುವ ಮೊದಲು ಓದಲೆಂದೇ ಅವನ್ನು ಅಲ್ಲಿ ನಿಲ್ಲಿಸಿದ್ದರು. ನೀವು ಹೇಳಿದ ಕ್ಲಿಯೊ ಎಂಬಾಕೆಯ ಪ್ರಕರಣವೇ ಪಟ್ಟಿಯಲ್ಲಿ ಮೊದಲನೆಯದು. ಅದರಲ್ಲಿ ಒಂದು ಸೂಕ್ಷ್ಮವಿದೆ: ಆಕೆ ಹೆತ್ತದ್ದು ಕ್ಷೇತ್ರದಿಂದ ಹೊರಗೆ ಬಂದ ಮೇಲೆ. ಏಕೆಂದರೆ ಎಲ್ಲೆಯೊಳಗೆ ಹೆರಿಗೆಯೂ ಆಗಬಾರದು, ಸಾವೂ ಆಗಬಾರದು ಎಂಬ ನಿಯಮವಿತ್ತು. ಸಾಯುವ ಸ್ಥಿತಿಯಲ್ಲಿದ್ದವರಿಗೂ ಹೆರಿಗೆಗೆ ಹತ್ತಿರವಾದವರಿಗೂ ತಂಗಲು ಒಂದು ಕಟ್ಟಡವಾದರೂ ದೊರೆತದ್ದು ಬಹಳ ತಡವಾಗಿ, ಕ್ರಿ.ಶ. 2ನೇ ಶತಮಾನದಲ್ಲಿ, ಆಂಟನೈನಸ್ ಎಂಬ ರೋಮನ್ ಸೆನೆಟರ್ ಕಟ್ಟಿಸಿದಾಗ. ಯಶಸ್ಸಿನ ಪಟ್ಟಿ ಅಷ್ಟು ಉಜ್ವಲವಾಗಿ ಕಾಣುವುದಕ್ಕೆ ಈ ನಿಯಮವೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಗೈಡ್ ಹಣ ತೆಗೆದುಕೊಳ್ಳುವುದು ಇಂಥದ್ದನ್ನು ಜೋಡಿಸಿ ಹೇಳುವುದಕ್ಕೆ.

ಅದಲ್ಲದೆ ಕಾಲ ಕಳೆದಂತೆ ದೇವರ ಚಿಕಿತ್ಸಾಕ್ರಮವೂ ಬದಲಾಯಿತು. ಕ್ರಿ.ಶ. 2ನೇ ಶತಮಾನದ ಅಪೆಲ್ಲಾಸ್ ಎಂಬ ರೋಗಿಯ ಶಾಸನವನ್ನು ಕೇಳಿ ಓದಿಸಿಕೊಳ್ಳಿರಿ. ಏಷ್ಯಾ ಮೈನರಿನಿಂದ ಅವನು ಹೊರಟಾಗ ಈಜೀನಾ ದ್ವೀಪದ ಬಳಿಯೇ ದೇವರ ಮೊದಲ ಅಪ್ಪಣೆ: ಅಷ್ಟೊಂದು ಸಿಡುಕಬೇಡ. ಅಜೀರ್ಣದಿಂದ ನರಳುತ್ತಿದ್ದ ಅವನಿಗೆ ಮುಂದೆ ಬಂದ ಅಪ್ಪಣೆಗಳು ಹೀಗಿದ್ದವು: ಬ್ರೆಡ್ಡು ಮತ್ತು ಚೀಸ್ ತಿನ್ನು, ಓಡುವ ಅಭ್ಯಾಸ ಮಾಡು, ಬರಿಗಾಲಿನಲ್ಲಿ ನಡೆ, ಯಾರ ಸಹಾಯವೂ ಇಲ್ಲದೆ ಸ್ನಾನ ಮಾಡು, ಆದರೂ ಸ್ನಾನಗೃಹದ ಸೇವಕನಿಗೆ ಒಂದು ಡ್ರಾಕ್ಮಾ ಕೊಡು, ಹಾಲಿಗೆ ಜೇನು ಬೆರೆಸಿ ಕುಡಿ. ಕಣ್ಣು ಸೀಳುವ ದೇವರು ಇಲ್ಲಿ ಪಥ್ಯ ಹೇಳುವ ವೈದ್ಯನಾಗಿದ್ದಾನೆ. ಮನಸ್ಸಿಗೂ ಜೀರ್ಣಶಕ್ತಿಗೂ ಇರುವ ನಂಟನ್ನು ಬಲ್ಲ ಯಾವ ವೈದ್ಯನೂ ಆ ಮೊದಲ ಅಪ್ಪಣೆಯನ್ನು ತಳ್ಳಿಹಾಕಲಾರ.

ಹಳೆಬೇರು:

ವೈದ್ಯಮಿತ್ರರು ನನ್ನ ಕೆಲಸವನ್ನು ಹಗುರಮಾಡಿದರು. ಥೊಲೊಸ್ ಎಂಬ ದುಂಡು ಕಟ್ಟಡದ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ಗೈಡ್‌ನ ಯೋಗ್ಯತೆ ತಿಳಿಯುವುದು ಅಲ್ಲಿ. ಹೊರಗೆ ಡೋರಿಕ್ ಶೈಲಿಯ 26 ಕಂಬಗಳು, ಒಳಗೆ ಕೊರಿಂತಿಯನ್ ಶೈಲಿಯ 14 ಕಂಬಗಳು, ನೆಲದಡಿಯಲ್ಲಿ ಒಂದರೊಳಗೊಂದು ಸುತ್ತಿಕೊಂಡ ಗೋಡೆಗಳ ಚಕ್ರವ್ಯೂಹ. ವಾಸ್ತುಶಿಲ್ಪಿ ಪಾಲಿಕ್ಲೀಟಸ್ ಎಂದು ಪೌಸೇನಿಯಸ್ ಹೇಳುತ್ತಾನೆ. ರಂಗಮಂದಿರವನ್ನು ಕಟ್ಟಿದವನೂ ಅವನೇ ಎಂಬುದು ಅದೇ ಪ್ರವಾಸಿಯ ಮಾತು. ಆ ನೆಲದಡಿಯ ಸುತ್ತುಗಳು ಯಾತಕ್ಕೆ ಎಂಬುದಕ್ಕೆ ಸರ್ವಸಮ್ಮತ ಉತ್ತರವಿಲ್ಲ. ಪವಿತ್ರ ಹಾವುಗಳನ್ನು ಸಾಕುತ್ತಿದ್ದ ಜಾಗ ಎನ್ನುವವರಿದ್ದಾರೆ, ಅಸ್ಕ್ಲೀಪಿಯಸ್‌ನ ಭೂಗತ ನಿವಾಸದ ಸಂಕೇತ ಎನ್ನುವವರಿದ್ದಾರೆ. ಒಂದೇ ಉತ್ತರವನ್ನು ಅನುಮಾನವಿಲ್ಲದೆ ಒಪ್ಪಿಸಿ ಮುಂದೆ ನಡೆಯುವ ಗೈಡ್‌ಗಿಂತ ಎರಡನ್ನೂ ಹೇಳಿ ನಿಮ್ಮ ಅಭಿಪ್ರಾಯ ಕೇಳುವ ಗೈಡ್ ಮೇಲು. ಅದರ ಬಳಿ ಸುಮಾರು ಕ್ರಿ.ಪೂ. 600ರ, ನೆಲಮಾಳಿಗೆಯಿದ್ದ ಇನ್ನೂ ಹಳೆಯ ಕಟ್ಟಡವೊಂದು ಸಿಕ್ಕಿರುವುದನ್ನು 2019ರಲ್ಲಿ ಪ್ರಕಟಿಸಿದರು. ಈ ಸಂಗತಿಯನ್ನು ಪ್ರಸ್ತಾಪಿಸುವ ಗೈಡ್ ಹೊಸ ಓದನ್ನು ಬಿಟ್ಟಿಲ್ಲವೆಂದು ತಿಳಿಯಬಹುದು. ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಬಂದಾಗ ಥೊಲೊಸ್‌ನ ಕೊರಿಂತಿಯನ್ ಬೋದಿಗೆಯೊಂದು ಹೊಚ್ಚಹೊಸದರಂತೆ ನಿಂತಿರುವುದನ್ನು ನೋಡಿರಿ. ಅದನ್ನು ಕಟ್ಟಡಕ್ಕೆ ಬಳಸಲೇ ಇಲ್ಲ, ನೆಲದಲ್ಲಿ ಹೂತಿಟ್ಟಿದ್ದರು; ಶಿಲ್ಪಿಗಳಿಗೆ ಮಾದರಿಯಾಗಿ ಮಾಡಿದ್ದೆಂದು ಊಹಿಸುತ್ತಾರೆ.

ಕ್ರೀಡಾಂಗಣ, 160 ಕೋಣೆಗಳ ವಸತಿಗೃಹ ಇವನ್ನು ನಡೆಯುತ್ತಾ ನೋಡಿದರೆ ಸಾಕು.

ಸಾಗರದಾಚೆ:

ಉದ್ಯೋಗದ ನಿಮಿತ್ತ ಅಥೆನ್ಸ್‌ನಲ್ಲಿರುವ ಕನ್ನಡಿಗ ನಾನು. ಕೆಲವು ವ್ಯಾವಹಾರಿಕ ಸಂಗತಿಗಳನ್ನು ಹೇಳುತ್ತೇನೆ.

ನಾಲ್ಕು ಜಾಗಗಳ ಬಸ್ ಪ್ರವಾಸವನ್ನು ಕೈಬಿಡಿ. ಹಿರಿಯರಿಗೆ ಅದು ಬರಿಯ ಹತ್ತಿಳಿಯುವ ಶ್ರಮ. ನಾಫ್ಲಿಯೊದಲ್ಲಿ ಉಳಿದುಕೊಂಡರೆ ಎಪಿಡಾರಸ್ ಸುಮಾರು 30 ಕಿಲೋಮೀಟರ್. ಗ್ರೀಸಿನ ಪುರಾತತ್ವ ಸ್ಥಳಗಳಲ್ಲಿ ವಿವರಣೆ ನೀಡಲು ಪರವಾನಗಿ ಪಡೆದ ಗೈಡ್‌ಗಳಿಗೆ ಮಾತ್ರ ಅವಕಾಶ. ಅವರ ಬಳಿ ಗುರುತಿನ ಬಿಲ್ಲೆ ಇರುತ್ತದೆ, ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಪತ್ರ ಬರೆಯುವಾಗಲೇ ಉತ್ತರದ ಹೆಬ್ಬಾಗಿಲಿನಿಂದ ಆರಂಭಿಸಬೇಕು, ಶಾಸನಗಳನ್ನು ಓದಿ ಹೇಳಬೇಕು, ಮೂರು ಗಂಟೆ ಬೇಕು ಎಂದು ತಿಳಿಸಿಬಿಡಿ. ಸ್ಥಳಕ್ಕೆ ಹೋದ ಮೇಲೆ ಹೇಳಿದರೆ ಅವರು ತಮ್ಮ ರೂಢಿಯ ದಾರಿಯನ್ನೇ ಹಿಡಿಯುತ್ತಾರೆ.

ನಾಫ್ಲಿಯೊದಿಂದ ಸಾರ್ವಜನಿಕ ಬಸ್ಸಿನಲ್ಲಿ ಹೋಗುವುದಾದರೆ ಫಲಕವನ್ನು ಸರಿಯಾಗಿ ಓದಿರಿ. ಎಪಿಡಾರಸ್ ಎಂಬ ಹೆಸರಿನಲ್ಲಿ ಕಡಲ ದಂಡೆಯ ಊರೂ ಇದೆ. ಅಲ್ಲಿಯೂ ಸಣ್ಣದೊಂದು ಪ್ರಾಚೀನ ರಂಗಮಂದಿರವಿರುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ನಿಮಗೆ ಬೇಕಾದದ್ದು ಲಿಗುರಿಯೊ ಎಂಬ ಹಳ್ಳಿಯ ಸಮೀಪದ ಅಸ್ಕ್ಲಿಪಿಯೊ, ಅಂದರೆ ಅಸ್ಕ್ಲೀಪಿಯಸ್‌ನ ಕ್ಷೇತ್ರ. ಬಸ್ಸುಗಳು ದಿನಕ್ಕೆ ಕೆಲವೇ, ಆದ್ದರಿಂದ ಹಿಂದಿರುಗುವ ಬಸ್ಸಿನ ಸಮಯವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಅಥೆನ್ಸ್‌ನ ದೊಡ್ಡ ಬಸ್ಸುಗಳು ಬರುವ ಮುನ್ನ ಶಾಂತವಾಗಿ ನೋಡಬಹುದು. ಕ್ಷೇತ್ರದ ಭಾಗ ಬಹುತೇಕ ಸಮತಟ್ಟು, ಪೈನ್ ಮರಗಳ ನೆರಳೂ ಅಲ್ಲಲ್ಲಿ ಇದೆ. ರಂಗಮಂದಿರದ ಮೆಟ್ಟಿಲುಗಳಿಗೆ ಮಾತ್ರ ಹಿಡಿದುಕೊಳ್ಳಲು ಕಂಬಿಯಿಲ್ಲ. ಹಿರಿಯರು ಕೆಳಗಿನ ಭಾಗದಲ್ಲೇ ಕೂರುವುದು ಕ್ಷೇಮ.

ಶಾಲ್ಮಲಾ:

ಎಲ್ಲರಿಗೂ ಧನ್ಯವಾದಗಳು. ಬಸ್ ಪ್ರವಾಸವನ್ನು ಕೈಬಿಟ್ಟು ನಾಫ್ಲಿಯೊದಲ್ಲಿ ತಂಗಲು ತೀರ್ಮಾನಿಸಿದ್ದೇವೆ. ತಂದೆಯವರು ಈ ಚರ್ಚೆಯನ್ನು ಪೂರ್ತಿ ಓದಿಸಿಕೊಂಡರು. ಉತ್ತರದಿಂದಲೇ ಹೊರಟು ರಂಗಮಂದಿರಕ್ಕೆ ಕೊನೆಯಲ್ಲಿ ಬರೋಣ, ನಾಟಕಕ್ಕೆ ಬರುವ ಮುಂಚೆ ಪ್ರೇಕ್ಷಕರು ಎಲ್ಲಿಂದ ಬಂದರೆಂಬುದು ನಟನಿಗೆ ತಿಳಿದಿರಬೇಕು ಎಂದರು. ಅವರ ಎರಡು ಪ್ರಶ್ನೆಗಳು ಉಳಿದಿವೆ. ಆ ಹೊತ್ತಿಗೆ ಅಲ್ಲಿ ನಾಟಕವೇನಾದರೂ ಇರುತ್ತದೆಯೇ? ಅಂಗಳದ ನಡುವೆ ನಿಂತು ಕೆಲವು ಮಾತುಗಳನ್ನು ಹೇಳಲು ಬಿಡುತ್ತಾರೆಯೇ?

ಕಲ್ಲುಬೆಂಚು:

ತಂದೆಯವರ ಮಾತಿಗೆ ನಾನು ಸೋತೆ, ಕೊನೆಯಲ್ಲೇ ಬನ್ನಿ.

ನಾಟಕಗಳು ನಡೆಯುವುದು ಮುಖ್ಯವಾಗಿ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಆಧುನಿಕ ಕಾಲದಲ್ಲಿ ಅಲ್ಲಿ ಗ್ರೀಕ್ ದುರಂತ ನಾಟಕ ಮೊದಲು ಆಡಿದ್ದು 1938ರಲ್ಲಿ, ಡಿಮಿಟ್ರಿಸ್ ರೊಂಡಿರಿಸ್ ನಿರ್ದೇಶನದ ಸೋಫೋಕ್ಲಿಸನ ಎಲೆಕ್ಟ್ರಾ. ಈಗಿನ ನಾಟಕೋತ್ಸವ 1950ರ ದಶಕದ ನಡುವೆ ಶುರುವಾಯಿತು. 1960ರಲ್ಲಿ ಖ್ಯಾತ ಒಪೆರಾ ಗಾಯಕಿ ಮರಿಯಾ ಕಲ್ಲಾಸ್ ಅಲ್ಲಿ ಹಾಡಿದರು. ಸೆಪ್ಟೆಂಬರ್ ಕೊನೆಯಲ್ಲಿ ನಾಟಕ ಸಿಗದಿದ್ದರೂ ಒಂದು ಲಾಭವಿದೆ: ಬೇಸಿಗೆಯಲ್ಲಿ ಪ್ರಾಚೀನ ರಂಗದ ಅಡಿಪಾಯಕ್ಕೆ ಅಡ್ಡಬರುವ ಹೊಸ ರಂಗಸಜ್ಜಿಕೆ ಆಗ ಇರುವುದಿಲ್ಲ.

ಮಾತನಾಡುವ ಮೊದಲು ಕಾವಲಿನವರನ್ನು ಒಮ್ಮೆ ಕೇಳಿರಿ. ಕೂಗುವುದು, ಗುಂಪಾಗಿ ಹಾಡುವುದು ಅವರಿಗೆ ಹಿಡಿಸುವುದಿಲ್ಲ. ಒಬ್ಬ ಹಿರಿಯರು ಸಹಜ ಧ್ವನಿಯಲ್ಲಿ ನಾಲ್ಕು ಸಾಲು ಹೇಳಿದರೆ ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ತಂದೆಯವರು ಮೊದಲು ಪ್ರೇಕ್ಷಕರತ್ತ ಮುಖಮಾಡಿ, ಆಮೇಲೆ ಪಕ್ಕಕ್ಕೆ ತಿರುಗಿ ಅದೇ ಸಾಲುಗಳನ್ನು ಹೇಳಲಿ. ನೀವು ಒಂದೇ ಕಡೆ ಕೂರದೆ ಮುಂದಿನ ಸಾಲು, ನಡುವಿನ ಸಾಲು, 34ನೆಯ ಸಾಲು ಹೀಗೆ ಜಾಗ ಬದಲಿಸುತ್ತಾ ಕೇಳಿರಿ. ಕನ್ನಡದ ದೀರ್ಘಸ್ವರಗಳೂ ಒತ್ತಕ್ಷರಗಳೂ ಎಲ್ಲಿಯವರೆಗೆ ಸ್ಪಷ್ಟವಾಗಿ ಉಳಿದವೆಂದು ಬಂದ ಮೇಲೆ ಇಲ್ಲಿ ಬರೆಯಬೇಕಾಗಿ ಕೋರಿಕೆ.